ಶಿರಸಿಯಿಂದ ಲಂಡನ್‌ಗೆ ಹೊರಟಿದ್ದೇನೆ, ಬೆಂಗಳೂರಿನಿಂದ ವಿಮಾನಕ್ಕೆ ಎಷ್ಟು ಹೊತ್ತು ಬೇಕು?

ಬೆಂಗಳೂರಿನಿಂದ ಲಂಡನ್ನಿನ ಹೀಥ್ರೂಗೆ ಸುಮಾರು 8,000 ಕಿಲೋಮೀಟರ್. ನೇರ ವಿಮಾನಕ್ಕೆ ಹತ್ತೂವರೆ, ಹನ್ನೊಂದು ತಾಸು ಹಿಡಿಯುತ್ತದೆ. ವಾಪಸ್ ಬರುವಾಗ ಸಾಮಾನ್ಯವಾಗಿ ಸ್ವಲ್ಪ ಕಡಿಮೆ, ಯಾಕಂದ್ರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಹಿಂದಿನಿಂದ ತಳ್ಳುತ್ತದೆ. ಟಿಕೆಟ್ ನೋಡಿ ಸುಮ್ನೆ ಗೊಂದಲ ಮಾಡ್ಕೋಬೇಡಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ ಇರುತ್ತದೆ, ಹಾಗಾಗಿ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ಇಳಿಯುತ್ತದೆ ಅಂತ ಇದ್ದರೆ ಅದು ಐದು ತಾಸಿನ ಹಾರಾಟವಲ್ಲ, ಹತ್ತೂವರೆ ತಾಸಿನದು. ಬೇಸಿಗೆಯಲ್ಲಿ ವ್ಯತ್ಯಾಸ ನಾಲ್ಕೂವರೆ.

ನಮ್ಮ ಕಡೆಯವರು ಮರೆಯೋದು ರಸ್ತೆಯ ಲೆಕ್ಕ. ಶಿರಸಿಯಿಂದ ಬೆಂಗಳೂರಿಗೇ ಸುಮಾರು 400 ಕಿಲೋಮೀಟರ್, ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುತ್ತದೆ ಅಲ್ವಾ? ಅಲ್ಲಿಂದ ದೇವನಹಳ್ಳಿಗೆ ಮತ್ತೆ ಹೋಗಬೇಕು. ವಿಮಾನ ಬೆಳಿಗ್ಗೆ ಇದ್ದರೆ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ.