ಪ್ರಾಗ್‌ನಲ್ಲಿ ಒಂದೇ ದಿನ, ಅದೂ ಅಪ್ಪ ಅಮ್ಮನ ಜೊತೆ: ಏನು ನೋಡಬಹುದು?

ನಿಮ್ಮ ಪ್ರಶ್ನೆ ಇಷ್ಟು: ವಿಯೆನ್ನಾದಲ್ಲಿ ಕೆಲಸ. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಮೇ ತಿಂಗಳಲ್ಲಿ ಒಂದು ಶುಕ್ರವಾರ ರಾತ್ರಿ ರೈಲಿನಲ್ಲಿ ಪ್ರಾಗ್‌ಗೆ ಬಂದು, ಶನಿವಾರ ಪೂರ್ತಿ ಸುತ್ತಾಡಿ, ಭಾನುವಾರ ಬೆಳಿಗ್ಗೆ ವಾಪಸ್. ಅಮ್ಮನಿಗೆ ಮಂಡಿ ನೋವು, ಇಬ್ಬರೂ ಸಸ್ಯಾಹಾರಿಗಳು. ಜೊತೆಗೆ 14 ಜಾಗಗಳ ಪಟ್ಟಿ ಹಾಕಿ, ಯಾವ ಕ್ರಮದಲ್ಲಿ ಹೋದರೆ ಎಲ್ಲ ಮುಗಿಯುತ್ತದೆ ಅಂತ ಕೇಳಿದ್ದೀರಿ.

ಎಲ್ಲ ಮುಗಿಯುವುದಿಲ್ಲ. ಆದರೆ ನೀವು ಕೇಳಿದ್ದು ಸರಿಯಾದ ಪ್ರಶ್ನೆಯೇ. ಪ್ರಾಗ್‌ನಲ್ಲಿ ಏನು ನೋಡುತ್ತೀರಿ ಅನ್ನುವುದಕ್ಕಿಂತ ಯಾವ ಕಡೆಯಿಂದ ಶುರು ಮಾಡುತ್ತೀರಿ ಅನ್ನುವುದೇ ಮುಖ್ಯ. ನಾನಿರುವುದು ಇದೇ ಚೆಕ್ ದೇಶದ ಬರ್ನೋದಲ್ಲಿ. ಊರಿಂದ ಯಾರೇ ಬಂದರೂ ಪ್ರಾಗ್ ತೋರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ, ಹಾಗಾಗಿ ಸ್ವಲ್ಪ ಧೈರ್ಯವಾಗಿಯೇ ಹೇಳುತ್ತೇನೆ.

ಮೊದಲು ಪಟ್ಟಿಯಿಂದ ತೆಗೆಯಬೇಕಾದ್ದು. ಕುಟ್ನಾ ಹೋರಾದ ಮೂಳೆಗಳ ಚರ್ಚು ಬೇರೆ ಊರು, ರೈಲಿನಲ್ಲೇ ಹೋಗಲು ಹೆಚ್ಚುಕಮ್ಮಿ ಒಂದು ಗಂಟೆ. ಬಿಡಿ. ಮೃಗಾಲಯ ಬಿಡಿ. ಪೆಟ್ರ್ಜಿನ್ ಗುಡ್ಡದ ಗೋಪುರವನ್ನೂ ಬಿಡಿ, ಅದನ್ನು ದೂರದಿಂದ ನೋಡಿದರೆ ಸಾಕು. ಯಹೂದಿಗಳ ಹಳೇ ಸ್ಮಶಾನ ಮತ್ತು ಪಿಂಕಾಸ್ ಸಿನಗಾಗ್ (ಅವರ ಪ್ರಾರ್ಥನಾ ಮಂದಿರ) ನಿಜವಾಗಿ ನೋಡಬೇಕಾದ ಜಾಗ. ನಾಜಿಗಳು ಕೊಂದ ಸುಮಾರು 80,000 ಜನರ ಹೆಸರನ್ನು ಅಲ್ಲಿ ಗೋಡೆಗಳ ಮೇಲೆ ಒಂದೊಂದಾಗಿ ಬರೆದಿದ್ದಾರೆ. ಆದರೆ ಶನಿವಾರ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಎಲ್ಲ ಮುಚ್ಚಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಅದು ಬೆಳಿಗ್ಗೆ ಹತ್ತಕ್ಕೆ ಇದೆ, ನೋಡಿ! ಶನಿವಾರದಿಂದ ಒಂದು ಲಾಭವೂ ಉಂಟು. ಕೋಟೆಯೊಳಗಿನ ಕ್ಯಾಥೆಡ್ರಲ್ ಭಾನುವಾರವಾದರೆ ಪ್ರಾರ್ಥನೆಯ ಕಾರಣಕ್ಕೆ ಮಧ್ಯಾಹ್ನದವರೆಗೆ ಪ್ರವಾಸಿಗಳಿಗೆ ತೆರೆಯುವುದೇ ಇಲ್ಲ.

ಈಗ ದಾರಿ. ಹಿಂದೆ ಬೊಹೆಮಿಯಾದ (ಈಗಿನ ಚೆಕ್ ದೇಶದ ದೊಡ್ಡ ಭಾಗ) ರಾಜರು ಪಟ್ಟಾಭಿಷೇಕಕ್ಕೆ ಹೋಗುತ್ತಿದ್ದ ದಾರಿ ಒಂದಿದೆ. ಕೆಳಗೆ ಹಳೇ ಪೇಟೆಯ ಪೌಡರ್ ಟವರ್‌ನಿಂದ ಹೊರಟು, ಹಳೇ ಖಗೋಳ ಗಡಿಯಾರ ಇರುವ ಚೌಕ, ಚಾರ್ಲ್ಸ್ ಸೇತುವೆ, ನೆರೂದೋವಾ ಬೀದಿಯ ಏರು, ಕೊನೆಗೆ ಕೋಟೆ. ಟೂರ್ ಗೈಡುಗಳು ಇವತ್ತಿಗೂ ಜನರನ್ನು ಇದೇ ದಾರಿಯಲ್ಲಿ ಹತ್ತಿಸುತ್ತಾರೆ. ರಾಜರು ಕುದುರೆ ಮೇಲೆ ಹತ್ತಿದರು, ನಿಮ್ಮ ಅಮ್ಮ ನಡೆದು ಹತ್ತಬೇಕು. ಅದಕ್ಕೇ ಉಲ್ಟಾ ಮಾಡಿ. ಬೆಳಿಗ್ಗೆ ಟ್ರ್ಯಾಮ್‌ನಲ್ಲಿ ನೇರ ಮೇಲಕ್ಕೆ ಹೋಗಿ, ದಿನವಿಡೀ ಇಳಿಯುತ್ತಾ ಬನ್ನಿ.

ಟ್ರ್ಯಾಮ್ ನಂಬರ್ 22. ನಾರೊದ್ನಿ ತ್ರೀದಾ ನಿಲ್ದಾಣದಲ್ಲಿ ಹತ್ತಿ. ನ್ಯಾಷನಲ್ ಥಿಯೇಟರ್ ಪಕ್ಕದಲ್ಲೇ ವಲ್ತಾವಾ ನದಿ ದಾಟುತ್ತದೆ. ಆಗ ಅಮ್ಮನನ್ನು ಬಲಗಡೆಯ ಕಿಟಕಿಗೆ ಕೂರಿಸಿ, ಸೇತುವೆ ಮತ್ತು ಕೋಟೆ ಒಟ್ಟಿಗೆ ಕಾಣುತ್ತವೆ. ಪ್ರವಾಸಿಗಳೆಲ್ಲ 'ಪ್ರಾಜ್‌ಸ್ಕಿ ಹ್ರಾಡ್', ಅಂದರೆ ಕೋಟೆಯ ನಿಲ್ದಾಣದಲ್ಲಿ ದಬದಬ ಇಳಿಯುತ್ತಾರೆ. ನೀವು ಇಳಿಯಬೇಡಿ. ಇನ್ನೂ ಎರಡು ನಿಲ್ದಾಣ ಮುಂದೆ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಅಲ್ಲೇ ಹತ್ತಿರ ಖಗೋಳ ವಿಜ್ಞಾನಿಗಳಾದ ಟೈಕೋ ಬ್ರಾಹೆ ಮತ್ತು ಕೆಪ್ಲರ್ ಪಕ್ಕಪಕ್ಕ ನಿಂತ ಪ್ರತಿಮೆ ಇದೆ. ಗ್ರಹಗಳ ಚಲನೆಯ ಮೊದಲ ಎರಡು ನಿಯಮಗಳನ್ನು ಕೆಪ್ಲರ್ ಕಂಡುಕೊಂಡದ್ದು ಈ ಊರಲ್ಲೇ, ಅದೂ ಟೈಕೋ ಬಿಟ್ಟುಹೋದ ಲೆಕ್ಕಗಳನ್ನು ಇಟ್ಟುಕೊಂಡು. ಸಂಜೆ ಗಡಿಯಾರ ನೋಡುವಾಗ ಇವರಿಬ್ಬರು ನೆನಪಿರಲಿ.

ಅಲ್ಲಿಂದ ಸ್ತ್ರಾಹೊವ್ ಮಠ ಐದು ನಿಮಿಷ. 1143ರಲ್ಲಿ ಶುರುವಾದ ಮಠ, ದೊಡ್ಡ ಗ್ರಂಥಾಲಯ ಇದೆ. ಆದರೆ ಅದರ ಎರಡು ಸಭಾಂಗಣಗಳನ್ನು ಬಾಗಿಲಲ್ಲಿ ನಿಂತು ಇಣುಕಬೇಕಷ್ಟೆ, ಒಳಗೆ ಬಿಡುವುದಿಲ್ಲ. ಒಂದೇ ದಿನ ಇರುವವರಿಗೆ ನಾನು ಬೇಡ ಅನ್ನುತ್ತೇನೆ. ಮಠದ ಅಂಗಳ ದಾಟಿ ಆಚೆ ಬದಿಗೆ ಹೋಗಿ ಸುಮ್ನೆ ನಿಲ್ಲಿ. ಕೆಳಗೆ ಹಣ್ಣಿನ ಮರಗಳ ಇಳಿಜಾರು, ಅದರಾಚೆ ಕೆಂಪು ಹೆಂಚಿನ ಇಡೀ ಊರು. ಇದಕ್ಕೆ ಟಿಕೆಟ್ ಇಲ್ಲ. ಇವತ್ತು ಎಲ್ಲೆಲ್ಲಿ ಹೋಗುತ್ತೇವೆ ಅಂತ ಅಪ್ಪನಿಗೆ ಇಲ್ಲಿಂದಲೇ ಬೆರಳು ಮಾಡಿ ತೋರಿಸಬಹುದು.

ಆಮೇಲೆ ಲೊರೆಟಾನ್ಸ್ಕಾ ಬೀದಿಯಲ್ಲಿ ನಿಧಾನಕ್ಕೆ ಇಳಿದರೆ ಕೋಟೆಯ ಮುಂಬಾಗಿಲು. ಒಳಗಿನ ಕಟ್ಟಡಗಳು 9ಕ್ಕೆ ತೆರೆಯುತ್ತವೆ, ಸಾಧ್ಯವಾದಷ್ಟು ಆ ಹೊತ್ತಿಗೇ ಮುಟ್ಟಿ. ಸೆಕ್ಯುರಿಟಿ ತಪಾಸಣೆ ಇರುತ್ತದೆ, ಹೊತ್ತಾದಷ್ಟೂ ಸಾಲು ಜಾಸ್ತಿ. ಇಡೀ ದಿನದಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುವುದು ಇದೊಂದೇ ಜಾಗಕ್ಕೆ ಇರಲಿ, ಅದನ್ನು ಸರಿಯಾಗಿ ನೋಡಿ.

ಸೇಂಟ್ ವೈಟಸ್ ಕ್ಯಾಥೆಡ್ರಲ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಹುಸ್ಸೈಟ್ ಯುದ್ಧಗಳು ಅನ್ನುವ ಧಾರ್ಮಿಕ ಕಾಳಗಗಳು ಬಂದು ಕೆಲಸ ನಿಂತಿತು, ಅರ್ಧ ಚರ್ಚು ನೂರಾರು ವರ್ಷ ಹಾಗೇ ಉಳಿಯಿತು. ತಮಾಷೆ ಏನೆಂದರೆ, ನೀವು ಒಳಗೆ ಹೋಗುವ ಮುಂಬದಿಯೇ ಹೊಸದು, ಹಿಂದಿನ ಭಾಗ ಹಳೆಯದು. ಮುಂಬದಿಯ ದೊಡ್ಡ ದುಂಡು ಕಿಟಕಿಯ ಕೆಳಗೆ ಗಮನವಿಟ್ಟು ನೋಡಿ. ಕೋಟು ಹಾಕಿದ ನಾಲ್ವರನ್ನು ಕಲ್ಲಲ್ಲಿ ಕೆತ್ತಿದ್ದಾರೆ. ಅವರು ಸಂತರಲ್ಲ, ಚರ್ಚನ್ನು ಕೊನೆಗೂ ಮುಗಿಸಿದವರು. ಒಳಗೆ ಎಡಗಡೆಯ ಮೂರನೇ ಕಿಟಕಿ ಚೆಕ್ ಚಿತ್ರಕಾರ ಅಲ್ಫಾನ್ಸ್ ಮುಖಾನದು. ಆ ಬಣ್ಣದ ಗಾಜಿನ ಕೆಳಗಡೆ ದುಡ್ಡು ಕೊಟ್ಟ ಬ್ಯಾಂಕಿನ ಹೆಸರೂ ಇದೆ. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸಿರುತ್ತಾರಲ್ಲ, ಹಾಗೇ.

ಅದೇ ಟಿಕೆಟ್‌ನಲ್ಲಿ ಹಳೇ ಅರಮನೆಯೂ ಬರುತ್ತದೆ. ಅಲ್ಲಿನ ವ್ಲಾದಿಸ್ಲಾವ್ ಹಾಲ್ 62 ಮೀಟರ್ ಉದ್ದ, ನಡುವೆ ಒಂದೂ ಕಂಬ ಇಲ್ಲ. ಮಳೆ ಬಂದರೆ ಸವಾರರು ಕುದುರೆ ಮೇಲೆ ಕೂತು ಈಟಿ ಹಿಡಿದು ಆಡುವ ಕಾಳಗವನ್ನು ಇದರೊಳಗೇ ಆಡಿಸುತ್ತಿದ್ದರಂತೆ. ಕುದುರೆ ಹತ್ತಲೆಂದೇ ಮಾಡಿದ ಅಗಲದ ಮೆಟ್ಟಿಲುಗಳು ಈಗಲೂ ಇವೆ. ಪಕ್ಕದ ಕೋಣೆಯ ಕಿಟಕಿಯಿಂದಲೇ 1618ರ ಮೇ 23ರಂದು ಪ್ರಾಟೆಸ್ಟೆಂಟ್ ಮುಖಂಡರು ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಗುಮಾಸ್ತನನ್ನೂ ಹೊರಗೆ ಎಸೆದದ್ದು. ಮೂವರೂ ಬದುಕಿದರು. ಮೇರಿ ಮಾತೆ ಕಾಪಾಡಿದಳು ಅಂತ ಕ್ಯಾಥೊಲಿಕ್‌ರು, ತಿಪ್ಪೆ ಮೇಲೆ ಬಿದ್ದರು ಅಂತ ಪ್ರಾಟೆಸ್ಟೆಂಟರು. ಯುರೋಪನ್ನು ಮೂವತ್ತು ವರ್ಷ ಸುಟ್ಟ ಯುದ್ಧ ಹೊತ್ತಿಕೊಂಡದ್ದು ಇದರಿಂದ. ಆ ಕಿಟಕಿಯಲ್ಲಿ ಬಗ್ಗಿ ಕೆಳಗೆ ನೋಡದೇ ಬರಬೇಡಿ. ಗೋಲ್ಡನ್ ಲೇನ್‌ನಲ್ಲಿ ಲೇಖಕ ಕಾಫ್ಕಾ ಕೂತು ಬರೆಯುತ್ತಿದ್ದ ಪುಟ್ಟ ಮನೆ ಇದೆ, ನಂಬರ್ 22. ಆದರೆ ಬೀದಿ ಇಕ್ಕಟ್ಟು, ಜನವೋ ಜನ. ಹತ್ತು ನಿಮಿಷ ಸಾಕು.

ಇಳಿಯುವಾಗ ಅಮ್ಮನ ಮಂಡಿ ಬಗ್ಗೆ ಯೋಚಿಸಿ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ. ನೆಲ ಬೇರೆ ಉರುಟು ಕಲ್ಲಿನದು, ಚಪ್ಪಲಿ ಬೇಡ, ಶೂ ಇರಲಿ. ಅವರಿಗೆ ಆಗದಿದ್ದರೆ ಕೋಟೆ ನಿಲ್ದಾಣದಿಂದ ಅದೇ 22ರಲ್ಲಿ ಕೆಳಗೆ ಮಾಲಾ ಸ್ತ್ರಾನಾ ಚೌಕಕ್ಕೆ ಕರೆದುಕೊಂಡು ಹೋಗಿ. ನಡೆಯುವುದಾದರೆ ನೆರೂದೋವಾ ಬೀದಿ ಚೆನ್ನಾಗಿದೆ. ಮನೆಗಳಿಗೆ ನಂಬರ್ ಬರುವ ಮೊದಲಿನ ಗುರುತುಗಳು ಬಾಗಿಲ ಮೇಲೆ ಇನ್ನೂ ಉಳಿದಿವೆ: ಮೂರು ಪಿಟೀಲು, ಎರಡು ಸೂರ್ಯ, ಚಿನ್ನದ ಬಟ್ಟಲು. ಎರಡು ಸೂರ್ಯರ ಮನೆಯಲ್ಲಿ ಯಾನ್ ನೆರೂದಾ ಅನ್ನುವ ಕವಿ ಇದ್ದ. ಚಿಲಿ ದೇಶದ ಪಾಬ್ಲೋ ನೆರೂದಾ ತನ್ನ ಕಾವ್ಯನಾಮ ತೆಗೆದುಕೊಂಡದ್ದು ಇವನಿಂದಲೇ ಎನ್ನುತ್ತಾರೆ.

ಊಟ. ಇಲ್ಲಿಯ ಅಡುಗೆಯಲ್ಲಿ ಮಾಂಸವೇ ಜಾಸ್ತಿ, ಸುಳ್ಳು ಹೇಳುವುದಿಲ್ಲ. ಸೂಪು ತರಕಾರಿಯದೇ ಆದರೂ ಮಾಂಸದ ಸಾರಿನಲ್ಲಿ ಬೇಯಿಸಿರುವುದು ಮಾಮೂಲು, ಕೇಳಿಯೇ ತೆಗೆದುಕೊಳ್ಳಿ. 'ಬೆಜ್ ಮಾಸಾ' ಅಂದರೆ ಮಾಂಸ ಇಲ್ಲದ್ದು. ಧೈರ್ಯವಾಗಿ ಹೇಳಬಹುದಾದ್ದು ಎರಡು. ಒಂದು 'ಸ್ಮಾಜೆನಿ ಸೀರ್', ದಪ್ಪ ಚೀಸ್ ತುಂಡನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು, ಜೊತೆಗೆ ಬೇಯಿಸಿದ ಆಲೂಗಡ್ಡೆ. ಹಿಟ್ಟಿಗೂ ಪಕ್ಕದ ಬಿಳಿ ಸಾಸಿಗೂ ಮೊಟ್ಟೆ ಹಾಕುತ್ತಾರೆ, ಮೊಟ್ಟೆಯೂ ಆಗದು ಅನ್ನುವವರಿಗೆ ಇದು ಬೇಡ. ಇನ್ನೊಂದು ಹಣ್ಣಿನ ಕ್ನೆಡ್ಲಿಕಿ. ಹಿಟ್ಟಿನ ಉಂಡೆಯೊಳಗೆ ಸ್ಟ್ರಾಬೆರಿಯೋ ಪ್ಲಮ್ಮೋ ಇಟ್ಟು ಬೇಯಿಸಿ, ಮೇಲೆ ಕರಗಿದ ಬೆಣ್ಣೆ, ಸಕ್ಕರೆ, ತುರಿದ ಚೀಸ್. ಇದನ್ನು ಇವರು ಊಟವಾಗಿಯೇ ತಿನ್ನುತ್ತಾರೆ. ಇದರ ಹಿಟ್ಟಿಗೂ ಮೊಟ್ಟೆ ಬೀಳುವುದುಂಟು. ಕಟ್ಟುನಿಟ್ಟಿನವರಾದರೆ ಸುಮ್ನೆ ಒಂದು ಇಂಡಿಯನ್ ಹೋಟೆಲ್ ಹುಡುಕಿ, ಕೇಂದ್ರ ಭಾಗದಲ್ಲಿ ಹಲವು ಇವೆ. ಬೀದಿಬೀದಿಯಲ್ಲಿ ಹಿಟ್ಟನ್ನು ಕೋಲಿಗೆ ಸುತ್ತಿ ಸುಡುವ ತ್ರ್ದೆಲ್ನಿಕ್ ತಿನ್ನಿ, ರುಚಿಯಾಗಿಯೇ ಇರುತ್ತದೆ. ಅಂಗಡಿ ಬೋರ್ಡಿನಲ್ಲಿ ಬರೆದ ಹಾಗೆ ಅದು ಪ್ರಾಗ್‌ನ ಪುರಾತನ ತಿಂಡಿ ಅಂತ ಮಾತ್ರ ನಂಬಬೇಡಿ.

ಊಟವಾದ ಮೇಲೆ ಕಾಂಪಾ ದ್ವೀಪದ ಪಾರ್ಕಿನಲ್ಲಿ ಒಂದು ಗಂಟೆ ಕೂತುಬಿಡಿ. ಬೆಂಚು ಇದೆ, ನೆರಳಿದೆ, ನದಿ ಇದೆ. ನಿಮ್ಮ ಪಟ್ಟಿಯಲ್ಲಿ ಈ ಒಂದು ಗಂಟೆ ಎಲ್ಲೂ ಇರಲಿಲ್ಲ. ಅರವತ್ತು ದಾಟಿದವರಿಗೆ ಇದಿಲ್ಲದೆ ಸಂಜೆ ಇರುವುದಿಲ್ಲ.

ಮುಂದೆ ಚಾರ್ಲ್ಸ್ ಸೇತುವೆ. 516 ಮೀಟರ್ ಉದ್ದ, 30 ಪ್ರತಿಮೆ. ಅಡಿಪಾಯದ ಮುಹೂರ್ತದ ಕತೆ ನಿಮ್ಮ ಅಪ್ಪನಿಗೆ ಇಷ್ಟವಾಗಬಹುದು: 1357ನೇ ಇಸವಿ, 9ನೇ ತಾರೀಕು, 7ನೇ ತಿಂಗಳು, ಬೆಳಿಗ್ಗೆ 5:31. ಒಟ್ಟಿಗೆ ಬರೆದರೆ 1-3-5-7-9-7-5-3-1. ಜೋಯಿಸರು ಇಟ್ಟುಕೊಟ್ಟ ಗಳಿಗೆ ಅಂತ ಕತೆ. ವರ್ಷ ನಿಜ, ಮಿಕ್ಕಿದ್ದು ಜನ ನಂಬಿಕೊಂಡು ಬಂದದ್ದು. ಪ್ರತಿಮೆಗಳಲ್ಲಿ ಬಹಳಷ್ಟು ಈಗ ನಕಲು. ಮೂಲ ಕಲ್ಲುಗಳನ್ನು ಮಳೆ ಹೊಗೆಯಿಂದ ಉಳಿಸಲು ಒಳಗಿಟ್ಟಿದ್ದಾರೆ. ನೆಪೊಮುಕ್‌ನ ಯಾನ್ ಅನ್ನುವ ಪಾದ್ರಿಯ ಪ್ರತಿಮೆ ಮಾತ್ರ 1683ರ ಕಂಚಿನದೇ. 1393ರಲ್ಲಿ ರಾಜ ಇವನನ್ನು ನದಿಗೆ ಎಸೆಸಿದ. ಕೆಳಗಿನ ಫಲಕವನ್ನು ಎಲ್ಲರೂ ಮುಟ್ಟಿ ಮುಟ್ಟಿ ಆ ಜಾಗ ಚಿನ್ನದ ಹಾಗೆ ಹೊಳೆಯುತ್ತದೆ. ಮಧ್ಯಾಹ್ನ ಸೇತುವೆ ಮೇಲೆ ಜಾತ್ರೆ ಇರುತ್ತದೆ, ಪರ್ಸು ಮುಂದಿನ ಜೇಬಿಗೆ ಬರಲಿ. ನಿಧಾನವಾಗಿ ನೋಡುವುದಕ್ಕೆ ರಾತ್ರಿ ಊಟದ ನಂತರ ಮತ್ತೆ ಬನ್ನಿ. ಮೇನಲ್ಲಿ ಕತ್ತಲಾಗುವಾಗಲೇ ಒಂಬತ್ತರ ಹತ್ತಿರ.

ಹಳೇ ಪೇಟೆ ಚೌಕದ ಗಡಿಯಾರಕ್ಕೆ ಬರೋಣ. 1410ರದ್ದು, ಇನ್ನೂ ನಡೆಯುತ್ತಿದೆ. ಗಂಟೆಗೊಮ್ಮೆ ಕಿಟಕಿ ತೆರೆದು ಹನ್ನೆರಡು ಶಿಷ್ಯರು ಹಾದು ಹೋಗುತ್ತಾರೆ, ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಹುಂಜ ಕೂಗುತ್ತದೆ, ಅಷ್ಟೇ. ನೂರಾರು ಜನ ಫೋನ್ ಎತ್ತಿ ನಿಂತು, 'ಇಷ್ಟೇನಾ' ಅಂತ ಹೊರಟುಬಿಡುತ್ತಾರೆ. ನೋಡಬೇಕಾದ್ದು ಗಡಿಯಾರದ ಎರಡು ಮುಖಗಳಲ್ಲಿ ಮೇಲಿನದನ್ನು. ನಡುವೆ ಭೂಮಿ, ಸುತ್ತ ಸೂರ್ಯನ ಮುಳ್ಳು, ಅರ್ಧ ಬೆಳ್ಳಿ ಅರ್ಧ ಕಪ್ಪಾದ ಚಂದ್ರನ ಗುಂಡು, ಹನ್ನೆರಡು ರಾಶಿಗಳ ಉಂಗುರ. ಚಂದ್ರ ತಿಥಿಗೆ ತಕ್ಕ ಹಾಗೆ ಬೆಳಗುತ್ತಾ ಕಪ್ಪಾಗುತ್ತಾ ತಿರುಗುತ್ತಾನೆ. ಹೊರಗಿನ ಉಂಗುರ ಸೂರ್ಯಾಸ್ತದಿಂದ ಶುರುವಾಗುವ 24 ಗಂಟೆಯ ಹಳೇ ಲೆಕ್ಕ.

ನಮ್ಮ ದೊಡ್ಡಮ್ಮ ಉಡುಪಿ ಕಡೆಯವರು, ಸೌರಮಾನ ಪಂಚಾಂಗದವರು. ಏಪ್ರಿಲ್ ಕೊನೆಯಲ್ಲಿ ಕರೆದುಕೊಂಡು ಹೋಗಿದ್ದೆ. ಮುಳ್ಳು ಎಲ್ಲಿದೆ ಅಂತ ತೋರಿಸಿದ ಕೂಡಲೇ ಅವರು, "ವಿಷು ಕಳೆದು ಎರಡು ವಾರ ಆಗಲಿಲ್ಲ, ಸೂರ್ಯ ಆಗಲೇ ವೃಷಭಕ್ಕೆ ಹೋದನಾ? ಇದು ತಪ್ಪು ತೋರಿಸ್ತಾ ಇದೆ" ಅಂದುಬಿಟ್ಟರು. ತಪ್ಪಲ್ಲ. ಗಡಿಯಾರದ್ದು ಸಾಯನ ಲೆಕ್ಕ, ಅಂದರೆ ಹಗಲು ರಾತ್ರಿ ಸಮವಾಗುವ ದಿನದಿಂದ ಎಣಿಸುವುದು, ಅಲ್ಲಿ ಮೇಷ ಶುರುವಾಗುವುದು ಮಾರ್ಚ್ 20-21ಕ್ಕೆ. ನಮ್ಮದು ನಿರಯನ, ಅಂದರೆ ನಕ್ಷತ್ರಗಳನ್ನು ಹಿಡಿದು ಎಣಿಸುವುದು, ಏಪ್ರಿಲ್ 14ರ ಹೊತ್ತಿಗೆ. ನಡುವೆ ಸುಮಾರು 24 ಡಿಗ್ರಿ ವ್ಯತ್ಯಾಸ. ಇಷ್ಟು ಹೇಳಿದ ಮೇಲೆ ಅವರು ಅಲ್ಲಿಂದ ಕದಲಲೇ ಇಲ್ಲ. ಪಂಚಾಂಗ ನೋಡುವ ಅಭ್ಯಾಸ ನಿಮ್ಮ ಮನೆಯಲ್ಲೂ ಇದ್ದರೆ ಇಲ್ಲಿಗೆ ಸಮಯ ಉಳಿಸಿಕೊಳ್ಳಿ. ಗಂಟೆ ಹೊಡೆದ ಹತ್ತು ನಿಮಿಷಕ್ಕೆ ಬಂದರೆ ಗುಂಪು ಚದುರಿರುತ್ತದೆ.

ಚೌಕದ ಇನ್ನೊಂದು ಬದಿಯ ಟೀನ್ ಚರ್ಚಿನಲ್ಲೇ ಟೈಕೋ ಬ್ರಾಹೆಯ ಸಮಾಧಿ. ಗಡಿಯಾರದ ಪಕ್ಕ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ, 1621ರಲ್ಲಿ ಅಲ್ಲೇ ಮರಣದಂಡನೆಗೆ ಗುರಿಯಾದವರ ಲೆಕ್ಕ. ಕಿಟಕಿಯಿಂದ ಎಸೆದ ಗಲಾಟೆಯ ಕೊನೆ ಇದೇ. ಶಕ್ತಿ ಉಳಿದಿದ್ದರೆ ವೆನ್ಸೆಸ್ಲಾಸ್ ಚೌಕಕ್ಕೆ ಹೋಗಿ, 1989ರಲ್ಲಿ ಲಕ್ಷಾಂತರ ಜನ ಸೇರಿ ಕಮ್ಯುನಿಸ್ಟ್ ಸರಕಾರವನ್ನು ಇಳಿಸಿದ ಜಾಗ. ಅಲ್ಲಿ ಬಾಟಾದ 1929ರ ಗಾಜಿನ ಕಟ್ಟಡ ಕಾಣುತ್ತದೆ. ಹೌದು, ನಾವು ಸ್ಕೂಲಿಗೆ ಹಾಕಿಕೊಂಡು ಹೋದ ಅದೇ ಬಾಟಾ. ಅದು ಶುರುವಾದದ್ದು ಈ ದೇಶದ ಜ್ಲೀನ್ ಊರಲ್ಲಿ, 1894ರಲ್ಲಿ.

ದುಡ್ಡಿನ ಮಾತು. ಇಲ್ಲಿ ಯೂರೋ ಅಲ್ಲ, ಕೊರುನಾ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ, ಶೌಚಾಲಯಕ್ಕೆ ಮಾತ್ರ ಒಂದಿಷ್ಟು ಚಿಲ್ಲರೆ ಇರಲಿ. ಎಟಿಎಮ್ 'ಯೂರೋದಲ್ಲಿ ಲೆಕ್ಕ ಹಾಕಲಾ' ಅಂತ ಕೇಳಿದರೆ ಬೇಡ ಅನ್ನಿ. ಬೀದಿಯಲ್ಲಿ ನೋಟು ಬದಲಾಯಿಸುತ್ತೇನೆ ಅಂತ ಬರುವವರ ಹತ್ತಿರ ನಿಲ್ಲಲೇಬೇಡಿ. ಟ್ರ್ಯಾಮ್‌ಗೆ ಮೂವರಿಗೂ 24 ಗಂಟೆಯ ಟಿಕೆಟ್ ತೆಗೆದುಕೊಳ್ಳಿ. ಕಾಗದದ ಟಿಕೆಟ್ ಆದರೆ ಮೊದಲ ಸಲ ಹತ್ತಿದಾಗ ಹಳದಿ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇಲ್ಲದ ಹಾಗೆಯೇ ದಂಡ. ಟ್ರ್ಯಾಮ್ ಒಳಗಿನ ಯಂತ್ರದಲ್ಲಿ ಕಾರ್ಡ್ ಹಿಡಿದು ತೆಗೆದುಕೊಂಡದ್ದಕ್ಕೆ ಮುದ್ರೆ ಬೇಕಿಲ್ಲ.

ರೂಮು ಯಾವ ಕಡೆ ಅಂತ ನೀವು ಬರೆದಿಲ್ಲ. ಹೇಳಿದರೆ 22ನ್ನು ಎಲ್ಲಿ ಹತ್ತುವುದು ಹತ್ತಿರವಾಗುತ್ತದೆ ಅಂತ ತಿಳಿಸುತ್ತೇನೆ.