ಹಳೆಯ ಕೋಲ್ಟ್ ನೇವಿ ರಿವಾಲ್ವರ್ ಕೊಂಡರೆ ತುಕ್ಕು ತೆಗೆಸಿ ಹೊಳಪು ಮಾಡಿಸಬೇಕಾ?

ನೀವು ಓಹಾಯೋದಲ್ಲಿದ್ದೀರಿ. ಹಳೆ ಮನೆಯೊಂದರ ಸಾಮಾನು ಮಾರಾಟದಲ್ಲಿ 1851ರ ಕೋಲ್ಟ್ ನೇವಿ, ಅಂದರೆ ಅಮೆರಿಕದ ಕೋಲ್ಟ್ ಕಂಪನಿಯ 1851ರ ಮಾಡೆಲ್ ರಿವಾಲ್ವರ್, ಕಣ್ಣಿಗೆ ಬಿದ್ದಿದೆ. ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿದೆ. "ಉಜ್ಜಿಸಿ ನೀಲಿ ಬಣ್ಣ ಹಾಕಿಸಿದರೆ ಹೊಸದರ ಹಾಗೆ ಆಗುತ್ತದೆ" ಅಂತ ಮಾರುವವರು ಹೇಳಿದ್ದಾರೆ. ಕೊಳ್ಳಬಹುದಾ, ಹೊಳಪು ಮಾಡಿಸಬಹುದಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ: ದಯವಿಟ್ಟು ಮಾಡಿಸಬೇಡಿ.

ನಾನು ಕೊಂಡ ಮೊದಲ ರಿವಾಲ್ವರ್ 1849ರ ಕೋಲ್ಟ್ ಪಾಕೆಟ್. ಸಣ್ಣದು, .31 ಕ್ಯಾಲಿಬರ್, ಅಂದರೆ ನಳಿಗೆಯ ತೂತು ಸುಮಾರು 0.31 ಇಂಚು. ಮೂರು ಲಕ್ಷಕ್ಕೂ ಜಾಸ್ತಿ ತಯಾರಾದ ಮಾಡೆಲ್ ಅದು, ಹಾಗಾಗಿ ಹೊಸಬರ ಕೈಗೂ ಎಟಕುತ್ತದೆ. ಅದರ ಸಿಲಿಂಡರಿನ (ಗುಂಡು ತುಂಬುವ, ತಿರುಗುವ ಉರುಳೆಯ) ಸುತ್ತ ಕುದುರೆ ಗಾಡಿಯನ್ನು ದರೋಡೆಕೋರರು ಅಡ್ಡಗಟ್ಟುವ ಚಿತ್ರ ಒತ್ತಿರುತ್ತಾರೆ. ನನ್ನದರಲ್ಲಿ ಕುದುರೆಗಳ ಕಾಲು ಮತ್ತು ಒಂದು ಚಕ್ರ ಮಸುಕಾಗಿ ಉಳಿದಿತ್ತು. ಮನೆಗೆ ತಂದ ದಿನವೇ ಸ್ಟೀಲ್ ವುಲ್ ಹಿಡಿದು ಕೂತು ತುಕ್ಕು ಉಜ್ಜಿದೆ. ತುಕ್ಕು ಹೋಯಿತು, ಜೊತೆಗೆ ಕಾಲುಗಳೂ ಚಕ್ರವೂ ಹೋದವು. ನೂರೈವತ್ತು ವರ್ಷ ಉಳಿದುಕೊಂಡು ಬಂದದ್ದನ್ನು ನಾನು ಅರ್ಧ ಗಂಟೆಯಲ್ಲಿ ಅಳಿಸಿದ್ದೆ. ಆ ಬೇಸರ ಇವತ್ತಿಗೂ ಹೋಗಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ನೋಡಿದ ನೇವಿಯ ಸಿಲಿಂಡರಿನಲ್ಲೂ ಒಂದು ಚಿತ್ರ ಇರಬೇಕು. ಟೆಕ್ಸಾಸಿನ ನೌಕಾಪಡೆ ಮೆಕ್ಸಿಕೋದ ಹಡಗುಗಳ ಜೊತೆ ಕಂಪೆಚೆ ಬಳಿ ಮಾಡಿದ ಕಾಳಗದ ಚಿತ್ರ. ಕೆಳಗೆ 16 ಮೇ 1843 ಅಂತ ತಾರೀಕೂ ಇರುತ್ತದೆ. ನೇವಿ ಅನ್ನುವ ಹೆಸರು ಬಂದದ್ದೇ ಈ ಚಿತ್ರದಿಂದ. ಅಚ್ಚು ಕೆತ್ತಿದವರು ವಾಟರ್‌ಮನ್ ಆರ್ಮ್ಸ್‌ಬಿ. ಬಹಳ ತೆಳುವಾಗಿ ಒತ್ತಿದ ಚಿತ್ರ ಇದು. ಒಂದು ಹಡಗಿನ ಪಟ ಕಂಡರೂ ಸಾಕು, ಸಂಗ್ರಹ ಮಾಡುವವರು ಖುಷಿಪಡುತ್ತಾರೆ. ಯಂತ್ರಕ್ಕೆ ಕೊಟ್ಟು ಪಾಲಿಶ್ ಮಾಡಿಸಿದರೆ ಮೊದಲು ಹೋಗುವುದೇ ಇದು. ಆಮೇಲೆ ಎಂಟು ಮೂಲೆಯ ನಳಿಗೆಯ ಚೂಪು ಅಂಚುಗಳು ಮೊಂಡಾಗುತ್ತವೆ, ಅಕ್ಷರಗಳು ಸವೆಯುತ್ತವೆ, ಸ್ಕ್ರೂ ಕೂರುವ ತೂತಿನ ಸುತ್ತ ತಗ್ಗು ಬೀಳುತ್ತದೆ. ಬಣ್ಣ ಎಷ್ಟೇ ಚೆನ್ನಾಗಿ ಹಾಕಿಸಿ, ಗೊತ್ತಿರುವವರು ಇವನ್ನು ನೋಡಿಯೇ ಹಿಡಿಯುತ್ತಾರೆ. ಬೆಲೆಯೂ ಬಿದ್ದುಹೋಗುತ್ತದೆ. ಮೂಲ ನೀಲಿ ಬಣ್ಣ ತಾನಾಗಿ ಮಾಗಿ ಬಂದ ಕಂದು ಅದು. ಅದನ್ನು ಕೊಳೆ ಅಂದುಕೊಳ್ಳಬೇಡಿ.

ಇನ್ನು ಕೊಳ್ಳಬಹುದಾ ಅನ್ನುವುದು. ಅದಕ್ಕೂ ಮೊದಲು ಒಂದು ಎಚ್ಚರಿಕೆ. ಮಲೆನಾಡಿನ ಕಡೆಯವರಾದರೆ ಕೇಪಿನ ಕೋವಿ ಕಂಡಿರುತ್ತೀರಿ. ಇದೂ ಅದೇ ಜಾತಿ. ಸಿಲಿಂಡರಿನ ಆರು ಗೂಡುಗಳಿಗೆ ಮುಂದಿನಿಂದ ಮದ್ದು ಸುರಿದು, ನಳಿಗೆಯ ಕೆಳಗಿನ ಸನ್ನೆಯಿಂದ ಸೀಸದ ಗುಂಡನ್ನು ಒತ್ತಿ ಕೂರಿಸಿ, ಹಿಂದಿನ ನಿಪ್ಪಲ್ ಎಂಬ ಸಣ್ಣ ಕೊಳವೆಗಳಿಗೆ ಕೇಪು (ಹ್ಯಾಮರ್ ಬಡಿದಾಗ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿ) ಹಾಕುತ್ತಾರೆ. ಹೀಗೆ ತುಂಬಿಟ್ಟವರು ಹಾಗೇ ಮರೆತುಬಿಟ್ಟದ್ದುಂಟು. ಅಂಥ ರಿವಾಲ್ವರುಗಳು ಈಗಲೂ ಸಿಗುತ್ತವೆ, ಒಳಗಿನ ಮದ್ದು ಇನ್ನೂ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಹ್ಯಾಮರ್ ಎಳೆದು ಆಟ ಆಡಬೇಡಿ. ನಿಪ್ಪಲ್‌ಗಳ ಮೇಲೆ ಕೇಪು ಇದೆಯಾ ನೋಡಿ. ಮುಂದಿನಿಂದ ಒಂದೊಂದೇ ಗೂಡಿಗೆ ಓರೆಯಿಂದ ಟಾರ್ಚ್ ಬಿಟ್ಟು ನೋಡಿ, ಕಣ್ಣನ್ನು ಗೂಡಿನ ಬಾಯಿಗಾಗಲಿ ನಳಿಗೆಯ ಬಾಯಿಗಾಗಲಿ ನೇರ ಇಡಬೇಡಿ. ತುಂಬಿರಬಹುದು ಅನ್ನಿಸಿದರೆ ನೀವು ಕೈ ಹಾಕಬೇಡಿ, ಹಳೆಯ ಬಂದೂಕು ಬಲ್ಲ ರಿಪೇರಿಯವರಿಗೆ ಕೊಡಿ.

ಆಮೇಲೆ ನಂಬರ್. ಕೋಲ್ಟ್ ಒಂದು ರಿವಾಲ್ವರಿನ ಮುಖ್ಯ ಭಾಗಗಳಿಗೆಲ್ಲ ಒಂದೇ ಸೀರಿಯಲ್ ನಂಬರ್ ಹಾಕುತ್ತಿತ್ತು. ಬುಡ ಮೇಲೆ ಮಾಡಿ ಹಿಡಿದರೆ ನಳಿಗೆಯ ಬುಡ, ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ತಳದ ಪಟ್ಟಿ, ಈ ನಾಲ್ಕೂ ಕಡೆ ಅದು ಕಾಣುತ್ತದೆ. ಸಿಲಿಂಡರಿನ ಮೇಲೂ ಇರುತ್ತದೆ, ನಳಿಗೆಯನ್ನು ಹಿಡಿದಿಡುವ ಬೆಣೆಯ ಮೇಲೂ ಇರುತ್ತದೆ. ಬೆಣೆ ಕಳೆದುಹೋಗಿ ಬೇರೆಯದು ಸೇರುವುದು ಮಾಮೂಲು, ಅದೊಂದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಸಿಲಿಂಡರ್ ನಂಬರ್ ಬೇರೆಯಾಗಿದ್ದರೆ ಬೆಲೆ ಇಳಿಸಿ ಕೇಳಲೇಬೇಕು. ನಂಬರಿನ ಒಂದು ಅಂಕಿ ಆಳ, ಪಕ್ಕದ್ದು ತೇಲಿದಂತೆ ಕಂಡರೆ ಆಮೇಲೆ ಯಾರೋ ಕುಟ್ಟಿದ್ದಾರೆ ಅಂತ ಅನುಮಾನಪಡಿ. ನಳಿಗೆಯ ಮೇಲೆ ನ್ಯೂಯಾರ್ಕ್ ವಿಳಾಸ ಕಂಡರೆ ಗಾಬರಿ ಬೇಡ. ಕಾರ್ಖಾನೆ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿದ್ದರೂ ಹೆಚ್ಚಿನವುಗಳ ಮೇಲೆ ಒತ್ತಿದ್ದು ನ್ಯೂಯಾರ್ಕ್ ಹೆಸರನ್ನೇ.

ನಕಲಿನ ಭಯವೂ ಇದೆ. 1950ರ ದಶಕದ ಕೊನೆಯಿಂದ ಇಟಲಿಯಲ್ಲಿ ಈ ಮಾಡೆಲ್‌ನ ಪ್ರತಿಗಳು ತಯಾರಾಗುತ್ತಿವೆ. ಶೂಟಿಂಗ್‌ಗೆ ಅಂತ ಪ್ರಾಮಾಣಿಕವಾಗಿ ಮಾಡಿದವು ಅವು. ಆದರೆ ಕೆಲವರು ಅದರ ಇಟಲಿ ಮುದ್ರೆಗಳನ್ನು ಅರದಿಂದ ಉಜ್ಜಿ, ಬೇಕೆಂದೇ ತುಕ್ಕು ಹಿಡಿಸಿ ಹಳೆಯದು ಅಂತ ಮಾರುತ್ತಾರೆ. ನಿಜವಾದ ಸವೆತಕ್ಕೆ ಕಾರಣ ಇರುತ್ತದೆ. ಹೋಲ್‌ಸ್ಟರಿಗೆ ತಾಗುವ ನಳಿಗೆಯ ತುದಿ ಸವೆದಿರುತ್ತದೆ. ಕೇಪು ಸಿಡಿದು ಸಿಡಿದು ನಿಪ್ಪಲ್‌ಗಳ ಸುತ್ತ ಗುಳಿ ಬಿದ್ದಿರುತ್ತದೆ. ಹಿತ್ತಾಳೆಯ ಟ್ರಿಗರ್ ಗಾರ್ಡಿನ ಬೆಳ್ಳಿ ಲೇಪ ಬೆರಳು ತಾಗುವ ಕಡೆ ಹೋಗಿ, ಸಂದಿಗಳಲ್ಲಿ ಉಳಿದಿರುತ್ತದೆ. ತಲೆಯಿಂದ ಕಾಲಿನವರೆಗೆ ಒಂದೇ ಸಮ ತುಕ್ಕು ಹಿಡಿದಿದ್ದರೆ ವಾಪಸು ಬನ್ನಿ.

ಸಾಧ್ಯವಾದರೆ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಅಥೀನಿಯಂ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಈ ಕಂಪನಿ ಕಟ್ಟಿದ ಸ್ಯಾಮ್ಯುಯೆಲ್ ಕೋಲ್ಟ್ ಸಂಗ್ರಹಿಸಿದ ಬಂದೂಕುಗಳನ್ನು ಅವರ ಹೆಂಡತಿ ಎಲಿಜಬೆತ್ ಆ ಮ್ಯೂಸಿಯಂಗೆ ಬಿಟ್ಟುಹೋದರು. ಚೆನ್ನಾಗಿ ಉಳಿದದ್ದನ್ನು ಒಮ್ಮೆ ಕಣ್ಣಾರೆ ಕಂಡರೆ ಆಮೇಲೆ ಉಜ್ಜಿದ್ದು ತಾನಾಗಿಯೇ ಕಣ್ಣಿಗೆ ಚುಚ್ಚುತ್ತದೆ.

ಕಾನೂನಿನ ಮಾತು ಎರಡೇ. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪುರಾತನ ವಸ್ತು. ರಾಜ್ಯಗಳ ನಿಯಮ ಬೇರೆ ಬೇರೆ, ನಿಮ್ಮ ರಾಜ್ಯದ್ದನ್ನು ಓದಿಕೊಳ್ಳಿ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವ ಯೋಚನೆ ಖಂಡಿತ ಬೇಡ. ಭಾರತದ ಆಯುಧ ಕಾಯ್ದೆಯೇ ಬೇರೆ.

ಕೊಂಡರೆ ಇಷ್ಟು ಮಾಡಿ. ಮೆತ್ತನೆ ಹತ್ತಿ ಬಟ್ಟೆಗೆ ಒಂದೆರಡು ಹನಿ ತೆಳು ಎಣ್ಣೆ ಹಾಕಿ ಒರೆಸಿ. ಒಣಗಿದ ಮೇಲೆ ಮ್ಯೂಸಿಯಂನವರು ಬಳಸುವಂಥ ಮೇಣವನ್ನು ತೆಳ್ಳಗೆ ಸವರಿ. ಹಳೆ ಸ್ಕ್ರೂಗಳ ಸೀಳು ಬಹಳ ಸಣ್ಣದು, ಮನೆಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಬೇಡಿ. ಚರ್ಮದ ಹೋಲ್‌ಸ್ಟರ್ ಜೊತೆಗೆ ಸಿಕ್ಕಿದರೆ ಬೇರೆಯಾಗಿಯೇ ಇಡಿ, ಚರ್ಮ ತೇವ ಹಿಡಿದಿಟ್ಟು ಲೋಹವನ್ನು ತಿನ್ನುತ್ತದೆ.

ಮಾರುವವರನ್ನು ಕೇಳಿ ಆ ನಾಲ್ಕು ನಂಬರುಗಳದ್ದು ಮತ್ತು ಸಿಲಿಂಡರಿನದ್ದು ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಇಲ್ಲೇ ಹಾಕಿ. ಫ್ಲ್ಯಾಶ್ ಬೇಡ, ಚಿತ್ರ ಅಳಿದಿದೆಯಾ ಇಲ್ಲವಾ ಗೊತ್ತಾಗುವುದಿಲ್ಲ. ನಾನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಉಜ್ಜಲು ಕೊಡಬೇಡಿ.