ಓದುಗರ ಪ್ರಶ್ನೆ: ವಾರ್ಡಿನಿಂದ ಎ.ಸಿ.ಪಿ. ಹುದ್ದೆಗೆ

ಪ್ರಶ್ನೆ: ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಆರು ವರ್ಷದಿಂದ ಇಂಗ್ಲೆಂಡಿನ ಎನ್‌.ಎಚ್‌.ಎಸ್. ಆಸ್ಪತ್ರೆಯಲ್ಲಿದ್ದೇನೆ, ಈಗ ಬ್ಯಾಂಡ್ 6 (ಅಲ್ಲಿನ ವೇತನ ಶ್ರೇಣಿ). ಟ್ರೈನಿ ಅಡ್ವಾನ್ಸ್‌ಡ್ ಕ್ಲಿನಿಕಲ್ ಪ್ರಾಕ್ಟೀಷನರ್ (ಎ.ಸಿ.ಪಿ.) ಹುದ್ದೆಗೆ ಅರ್ಜಿ ಹಾಕು ಎನ್ನುತ್ತಾರೆ. ಇದು ಓದೋ, ಕೆಲಸವೋ? (ಓದುಗರು, ಲೆಸ್ಟರ್)

ಉತ್ತರ: ಎರಡೂ, ಒಟ್ಟಿಗೇ. ಓದಿನ ಕಡೆ 180 ಕ್ರೆಡಿಟ್‌ಗಳ ಎಂ.ಎಸ್ಸಿ. ಪಾರ್ಟ್‌ಟೈಮ್ ಓದಿದರೆ ಸಾಮಾನ್ಯವಾಗಿ ಮೂರು ವರ್ಷ. ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆಯ ಓದು, ಅಂದರೆ ಒಟ್ಟು 1,800 ಗಂಟೆ. ಇದರಲ್ಲಿ ತರಗತಿಯ ಪಾಲು ಸಣ್ಣದು. ಉಳಿದದ್ದು ನಿಮ್ಮ ಸಂಜೆಗಳಿಂದ, ಭಾನುವಾರಗಳಿಂದ ಹೋಗುತ್ತದೆ. ಕೆಲಸದ ಕಡೆ ರೋಗಿಯ ಹಿಸ್ಟರಿ ತೆಗೆದುಕೊಂಡು, ಪರೀಕ್ಷಿಸಿ, ಟೆಸ್ಟ್ ಬರೆದು, ರೋಗ ಇಂಥದ್ದು ಎಂದು ನಿರ್ಧರಿಸಿ, ಚಿಕಿತ್ಸೆ ಶುರು ಮಾಡುವುದನ್ನು ಹಿರಿಯರ ಕಣ್ಣೆದುರಿಗೇ ಕಲಿಯಬೇಕು. 2017ರಲ್ಲಿ ಹೆಲ್ತ್ ಎಜುಕೇಶನ್ ಇಂಗ್ಲೆಂಡ್ (ಆಗ ಆರೋಗ್ಯ ಸಿಬ್ಬಂದಿಯ ತರಬೇತಿ ನೋಡಿಕೊಳ್ಳುತ್ತಿದ್ದ ಸಂಸ್ಥೆ) ಹೊರತಂದ ಚೌಕಟ್ಟು ಈ ಹುದ್ದೆಗೆ ನಾಲ್ಕು ಕಂಬಗಳನ್ನು ಹೇಳಿತು: ಚಿಕಿತ್ಸೆ, ನಾಯಕತ್ವ, ಬೋಧನೆ, ಸಂಶೋಧನೆ. ಬಹಳ ಮಂದಿ ಮೊದಲನೆಯದನ್ನೇ ಹಿಡಿದು ಕೂತು, ಮೂರನೇ ವರ್ಷ ಪೋರ್ಟ್‌ಫೋಲಿಯೊ ತೆರೆದಾಗ ಉಳಿದ ಮೂರರ ಕೆಳಗೆ ಏನೂ ಇಲ್ಲದೆ ಪೇಚಾಡುತ್ತಾರೆ. ಆಡಿಟ್ (ವಾರ್ಡಿನ ಕೆಲಸ ನಿಗದಿತ ಮಟ್ಟದಲ್ಲಿದೆಯೇ ಎಂಬ ಪರಿಶೀಲನೆ) ಒಂದನ್ನು ಮೊದಲ ವರ್ಷವೇ ಶುರು ಮಾಡಿ. ಜೂನಿಯರ್‌ಗಳಿಗೆ ಪಾಠ ಮಾಡಿದಾಗಲೆಲ್ಲ ಅವರ ಅಭಿಪ್ರಾಯವನ್ನು ಬರಹದಲ್ಲಿ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಆಫರ್ ಬಂದಿದೆ. ಸಹಿ ಹಾಕುವ ಮೊದಲು ಏನೇನು ಕೇಳಿಕೊಳ್ಳಬೇಕು? (ಓದುಗರು, ರೆಡಿಂಗ್)

ಉತ್ತರ: ಎಲ್ಲಕ್ಕಿಂತ ಮೊದಲು, ಸೂಪರ್‌ವೈಸರ್ ಯಾರು, ವಾರಕ್ಕೆ ಎಷ್ಟು ಗಂಟೆ ನಿಮಗೆ ಸಿಗುತ್ತಾರೆ ಎಂಬುದು. ತರಬೇತಿ ಹಾಳಾಗುವುದು ವಿಶ್ವವಿದ್ಯಾಲಯದಿಂದಲ್ಲ, ಬಹುಪಾಲು ಇಲ್ಲಿಂದಲೇ. ಇಡೀ ತರಬೇತಿಯ ಹೊಣೆ ಹೊರುವ ಕೋಆರ್ಡಿನೇಟಿಂಗ್ ಎಜುಕೇಶನ್ ಸೂಪರ್‌ವೈಸರ್ ಒಬ್ಬರಿರಬೇಕು. ದಿನದಿನದ ಕೆಲಸ ನೋಡುವ ಅಸೋಸಿಯೇಟ್ ಸೂಪರ್‌ವೈಸರ್‌ಗಳು ಬೇರೆ. "ಡಾಕ್ಟರ್ಸ್ ಎಲ್ಲ ಇದ್ದಾರಲ್ಲ, ಯಾರನ್ನಾದರೂ ಕೇಳಿ" ಎಂದರೆ ಯಾರೂ ಇಲ್ಲ ಎಂದೇ ಅರ್ಥ.

ಎರಡನೆಯದು ಪಾಳಿ. ತರಬೇತಿ ಇರುವ ದಿನ ವಾರ್ಡಿನ ನರ್ಸ್ ಲೆಕ್ಕದಲ್ಲಿ ನಿಮ್ಮ ಹೆಸರು ಸೇರಬಾರದು. ಬಾಯಿಮಾತಿಗೆ ಎಲ್ಲರೂ ಹೂಂ ಅನ್ನುತ್ತಾರೆ. ಜನವರಿ ಬಂದು, ಹಾಸಿಗೆ ತುಂಬಿ, ಇಬ್ಬರು ನರ್ಸ್‌ಗಳು ರಜೆ ಹಾಕಿದ ದಿನ "ಇವತ್ತೊಂದು ದಿನ ಬೇ (ವಾರ್ಡಿನ ಒಂದು ಭಾಗ) ನೋಡಿಕೊಳ್ಳಿ" ಎಂಬ ಮಾತು ಬರುತ್ತದೆ. ಆ ಒಂದು ದಿನ ತಿಂಗಳಿಗೆ ನಾಲ್ಕಾಗಲು ಹೊತ್ತು ಬೇಡ. ಓದಿನ ದಿನ, ಕ್ಲಿನಿಕಲ್ ತರಬೇತಿಯ ದಿನ ಎರಡೂ ಜಾಬ್ ಪ್ಲಾನ್‌ನಲ್ಲಿ ಬರಹದಲ್ಲಿರಲಿ.

ಇನ್ನು ದುಡ್ಡು. ಈ ಕೋರ್ಸ್ ಲೆವೆಲ್ 7 (ಸ್ನಾತಕೋತ್ತರ ಮಟ್ಟದ, ಕೆಲಸ ಮಾಡುತ್ತಲೇ ಕಲಿಯುವ) ಅಪ್ರೆಂಟಿಸ್‌ಶಿಪ್ ಆಗಿಯೂ ಇದೆ. ಆದರೆ 2026ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಈ ಮಟ್ಟದ ಹೊಸ ಅಪ್ರೆಂಟಿಸ್‌ಶಿಪ್‌ಗಳಿಗೆ ಸರ್ಕಾರಿ ಹಣವನ್ನು ಬಹುಮಟ್ಟಿಗೆ 16ರಿಂದ 21 ವಯಸ್ಸಿನವರಿಗೆ ಸೀಮಿತಗೊಳಿಸಲಾಗಿದೆ. ಹಾಗಾಗಿ ಶುಲ್ಕ ಯಾವ ಖಾತೆಯಿಂದ, ಮೂರೂ ವರ್ಷಕ್ಕೆ ಮಂಜೂರಾಗಿದೆಯೇ ಎಂದು ಕೇಳಿ. ನಡುವೆ ಬಿಟ್ಟರೆ ಹಣ ವಾಪಸ್ ಕಟ್ಟಬೇಕೆಂಬ ಷರತ್ತಿದ್ದರೆ ಮೊತ್ತವನ್ನೂ ಓದಿಕೊಳ್ಳಿ. ಮುಗಿದ ಮೇಲೆ ಹುದ್ದೆ ಖಚಿತವೇ? ಸಾಮಾನ್ಯವಾಗಿ ಅದು ಬ್ಯಾಂಡ್ 8ಎ. ಕೆಲವು ಕಡೆ ಡಿಗ್ರಿ ಕೈಗೆ ಬಂದರೂ ಹುದ್ದೆ ಬಾರದೆ ಹಳೇ ಬ್ಯಾಂಡಿನಲ್ಲೇ ಉಳಿಯುವಂತಾಗುತ್ತದೆ.

ವೀಸಾದವರಿಗೆ ಮತ್ತೊಂದು ಮಾತು: ಹೊಸ ಹುದ್ದೆಯ ಆಕ್ಯುಪೇಶನ್ ಕೋಡ್ (ವೀಸಾ ಲೆಕ್ಕದಲ್ಲಿ ಆ ಕೆಲಸದ ಸಂಖ್ಯೆ) ಬೇರೆಯಾದರೆ ಹೊಸ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್, ಹೊಸ ಅರ್ಜಿ ಬೇಕು. ಒಪ್ಪಿಗೆ ಬರುವ ಮೊದಲು ಆ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಹನ್ನೊಂದು ವರ್ಷದ ಅನುಭವವಿದೆ. ಆದರೂ ರೋಗಿಯನ್ನು ಪರೀಕ್ಷಿಸುವಾಗ ಹಿರಿಯರು ನೋಡಿ ಬರೆದುಕೊಡುವ ಮೌಲ್ಯಮಾಪನವಾದ ಮಿನಿ-ಸಿಇಎಕ್ಸ್‌ನಲ್ಲಿ ಪ್ರತಿ ಸಲ "ಇನ್ನೂ ನರ್ಸ್ ಥರ ಯೋಚಿಸುತ್ತೀರಿ" ಎಂದು ಬರೆಯುತ್ತಾರೆ. ಏನು ತಪ್ಪು? (ಓದುಗರು, ಕವೆಂಟ್ರಿ)

ಉತ್ತರ: ಬರೆದವರ ಮಾತು ಒರಟು, ಅವರು ತೋರಿಸುತ್ತಿರುವ ವ್ಯತ್ಯಾಸ ನಿಜ. ನ್ಯೂಸ್ 2 ಸ್ಕೋರ್ (ನಾಡಿ, ಉಸಿರು, ಬಿ.ಪಿ. ಮುಂತಾದವುಗಳಿಂದ ರೋಗಿಯ ಸ್ಥಿತಿ ಎಷ್ಟು ಕೆಟ್ಟಿದೆ ಎಂದು ಹೇಳುವ ಅಂಕಿ) 7 ಮುಟ್ಟಿದಾಗ ತುರ್ತಾಗಿ ಕರೆಯುವುದು ನರ್ಸ್ ಕೆಲಸ. ಈಗ ಆ ಕರೆಗೆ ಓಡಿ ಹೋಗುವವರು ನೀವು. ಅಂಕಿ ಕೆಟ್ಟಿದೆ ಎಂದು ಹೇಳಿದರೆ ಸಾಲದು, ಯಾಕೆ ಕೆಟ್ಟಿದೆ ಎಂದು ಹೇಳಬೇಕು.

ಉದಾಹರಣೆಗೆ ಉಸಿರಾಟದ ತೊಂದರೆಯಿಂದ ಬಂದ ಹಿರಿಯರೊಬ್ಬರು. ಬಲ ಎದೆಯ ಕೆಳಭಾಗ ತಟ್ಟಿದರೆ ಸದ್ದು ಮಂದ. ಟ್ರೈನಿ "ಬಲಗಡೆ ಡಲ್, ಎಕ್ಸ್‌ರೇ ಮಾಡಿಸೋಣ" ಎಂದು ನಿಲ್ಲಿಸುತ್ತಾರೆ. ಇಲ್ಲಿಯೇ ಮುಂದೆ ಹೋಗಬೇಕಿತ್ತು. ಅದೇ ಜಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟು "ನೈಂಟಿ ನೈನ್" ಹೇಳಿಸಿ. ಉಸಿರಿನ ಸದ್ದೂ ಕಡಿಮೆ, ಮಾತಿನ ಸದ್ದೂ ಕುಗ್ಗಿದ್ದರೆ ಎದೆಗೂಡಿನಲ್ಲಿ ನೀರು ತುಂಬಿರುವ ಸಂಭವ ಹೆಚ್ಚು. ಮಾತು ಗಟ್ಟಿಯಾಗಿ ಕೇಳಿ, ಉಸಿರು ಕೊಳವೆಯೊಳಗಿಂದ ಬಂದ ಹಾಗಿದ್ದರೆ ಶ್ವಾಸಕೋಶವೇ ಗಟ್ಟಿಯಾದ ನ್ಯುಮೋನಿಯಾ ಕಡೆ ಯೋಚಿಸಬೇಕು. ತಟ್ಟಿದ ಸದ್ದು ಎರಡರಲ್ಲೂ ಮಂದವೇ. ಬೇರೆ ಮಾಡಿ ತೋರಿಸುವುದು ಮಾತಿನ ಸದ್ದು. ಎದೆಯ ಮುಂದೆ ಮಾತ್ರ ಕೇಳಿ ಮುಗಿಸುವುದು ಇನ್ನೊಂದು ಮಾಮೂಲಿ ತಪ್ಪು. ಕೆಳಗಿನ ಭಾಗ ಹೆಚ್ಚು ಸಿಗುವುದು ಬೆನ್ನಿನಲ್ಲಿ, ರೋಗಿಯನ್ನು ಕೂರಿಸಲೇಬೇಕು.

ಪರೀಕ್ಷೆ ಮುಗಿದ ಕೂಡಲೇ, ಯಾರೂ ಕೇಳುವ ಮೊದಲೇ, ಮೂರು ವಿಷಯಗಳನ್ನು ಬಾಯಿಬಿಟ್ಟು ಹೇಳಿ: ಹೆಚ್ಚು ಸಂಭವ ಯಾವುದು, ತಪ್ಪಿಸಿಕೊಂಡರೆ ಜೀವಕ್ಕೇ ಅಪಾಯ ಯಾವುದು, ಎರಡನ್ನೂ ಬಿಡಿಸುವ ಟೆಸ್ಟ್ ಯಾವುದು. ಮೌಲ್ಯಮಾಪನದ ಫಾರಂಗಳನ್ನು ಕೊನೆಯ ತಿಂಗಳಿಗೆ ಗುಡ್ಡೆ ಹಾಕಬೇಡಿ. ಒಂದೇ ವಾರದ ತಾರೀಖಿನ ಹದಿನೈದು ಫಾರಂ ನೋಡಿದ ಪರೀಕ್ಷಕರಿಗೆ ನೀವು ಬೆಳೆದದ್ದು ಕಾಣುವುದಿಲ್ಲ.

ಪ್ರಶ್ನೆ: ವಿ300 ಗಣಿತ ಪರೀಕ್ಷೆಗೆ ನೂರಕ್ಕೆ ನೂರು ಬೇಕಂತೆ, ನಿಜವೇ? (ಓದುಗರು, ಲಂಡನ್)

ಉತ್ತರ: ನಿಜ. ಔಷಧ ಬರೆಯುವ ಅಧಿಕಾರ ಕೊಡುವ ಕೋರ್ಸ್ ಅದು. ಫಾರ್ಮಕಾಲಜಿಗೆ 80%, ಲೆಕ್ಕಕ್ಕೆ 100%. ಲೆಕ್ಕ ಕಷ್ಟವಲ್ಲ, ಯೂನಿಟ್ ಎಡವಿಸುತ್ತದೆ. 70 ಕೆ.ಜಿ. ರೋಗಿಗೆ ಕೆ.ಜಿ.ಗೆ 5 ಮಿ.ಗ್ರಾಂ. ಜೆಂಟಮೈಸಿನ್ ಎಂದರೆ 350 ಮಿ.ಗ್ರಾಂ. ಮಿ.ಲೀ.ಗೆ 40 ಮಿ.ಗ್ರಾಂ. ಇರುವ ದ್ರಾವಣವಾದರೆ 8.75 ಮಿ.ಲೀ. ಇದನ್ನು ಸುಮ್ಮನೆ 9 ಎಂದು ಬರೆದವರು ಮತ್ತೆ ಕೂರಬೇಕು. ಮೈಕ್ರೊಗ್ರಾಂ, ಮಿಲಿಗ್ರಾಂ ಅದಲುಬದಲಾದರೆ ಸಾವಿರ ಪಟ್ಟು ವ್ಯತ್ಯಾಸ. ಉತ್ತರದ ಪಕ್ಕ ಯೂನಿಟ್ ಬರೆಯುವ ಅಭ್ಯಾಸವೇ ಇದಕ್ಕೆ ಔಷಧಿ. ಪಾಸಾದ ದಿನವೇ ಪೆನ್ನು ತೆಗೆಯಬೇಡಿ. ಎನ್.ಎಂ.ಸಿ. (ಬ್ರಿಟನ್ನಿನ ನರ್ಸಿಂಗ್ ಪರಿಷತ್ತು) ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ ಈ ಅರ್ಹತೆ ಕಾಣಿಸಿಕೊಂಡು, ಆಸ್ಪತ್ರೆಯೂ ಒಪ್ಪಿದ ಮೇಲಷ್ಟೇ ಬರೆಯಬಹುದು.

ಪ್ರಶ್ನೆ: ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಓದಿ ಹುಬ್ಬಳ್ಳಿಯಲ್ಲಿ ಐ.ಸಿ.ಯು. ನರ್ಸ್ ಆಗಿದ್ದೇನೆ. ಭಾರತದಲ್ಲೇ ಇಂಥದ್ದಿದೆಯೇ? (ಓದುಗರು, ಹುಬ್ಬಳ್ಳಿ)

ಉತ್ತರ: ಹತ್ತಿರದ್ದು ಇದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ರೆಸಿಡೆನ್ಸಿ, ಎರಡು ವರ್ಷದ ಸ್ನಾತಕೋತ್ತರ ಕೋರ್ಸ್. ಇಲ್ಲಿಯೂ ಬಹುಪಾಲು ಕಲಿಕೆ ಐ.ಸಿ.ಯು.ನಲ್ಲೇ. ಅದಕ್ಕೆ ಬಿ.ಎಸ್ಸಿ. ನರ್ಸಿಂಗ್ ಬೇಕು, ಆದ್ದರಿಂದ ನಿಮಗೆ ಮೊದಲ ಮೆಟ್ಟಿಲು ಡಿಪ್ಲೊಮಾದವರಿಗೆಂದೇ ಇರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಂದೆ ಬ್ರಿಟನ್ ಕಡೆ ಹೋದರೂ ಈ ಡಿಗ್ರಿಯೇ ಉಪಯೋಗಕ್ಕೆ ಬರುತ್ತದೆ, ಎಂ.ಎಸ್ಸಿ.ಗೆ ಸೇರಿಸಿಕೊಳ್ಳುವಾಗ ಡಿಗ್ರಿ ಮಟ್ಟದ ಓದಿಗೆ ಪುರಾವೆ ಕೇಳುತ್ತಾರೆ. ಈಗಿನಿಂದಲೇ ಅಂಕಪಟ್ಟಿಗಳ ಜೊತೆ ಸಿಲಬಸ್ ಪ್ರತಿ, ಕ್ಲಿನಿಕಲ್ ಗಂಟೆಗಳ ಪತ್ರವನ್ನು ಕಾಲೇಜಿನ ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಎಂಟು ಹತ್ತು ವರ್ಷ ಬಿಟ್ಟು ಹೋದರೆ ಗುಮಾಸ್ತರೂ ಬದಲಾಗಿರುತ್ತಾರೆ, ಹಳೇ ರಿಜಿಸ್ಟರೂ ಸಿಗುವುದಿಲ್ಲ.